ಸೂಜಿ ಅಜ್ಜಿಯ ಬೆಂಚು

ಆ ಬೀದಿಯ ಹೊಲಿಗೆ ಅಂಗಡಿಯವಳನ್ನು ಎಲ್ಲರೂ ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ತೆಳ್ಳಗಿದ್ದಾಳೆ ಅಂತಲ್ಲ, ಹಾಗೆ ನೋಡಿದರೆ ಮೈಕೈ ತುಂಬಿಕೊಂಡ ಹೆಂಗಸು. ಕೆಲಸಕ್ಕೆ ಕೂತಳೆಂದರೆ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದಳು, ಅದಕ್ಕೆ ಆ ಹೆಸರು. ಅಳತೆ ತೆಗೆಯುವಾಗಲೂ ಅಷ್ಟೆ, ಗಿರಾಕಿ ಬಟ್ಟೆ ಒಯ್ಯಲು ಬಂದಾಗಲೂ ಅಷ್ಟೆ. ಏನು ಕೇಳಿದರೂ ‘ಊಂ’, ಇಲ್ಲವಾದರೆ ‘ಊಹೂಂ’. ಬಾಯಲ್ಲಿ ಸೂಜಿ ಇಟ್ಟುಕೊಂಡವಳನ್ನು ಯಾರು ತಾನೇ ಮಾತಿಗೆ ಎಳೆದಾರು? ಇದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಜನರ ಮೇಲೆ ಸಿಟ್ಟಿಲ್ಲ, ಸೆಡವಿಲ್ಲ. ಹೊಸಬರ ಮುಖ ಕಂಡರೆ ನಾಲಗೆ ಒಣಗುತ್ತಿತ್ತು, ಅಷ್ಟೇ.

ಇಂಥವಳು ಯಾರ ಮೊಮ್ಮಗಳು ಅಂತೀರಿ? ಸೂಜಿ ಅಜ್ಜಿಯ ಮೊಮ್ಮಗಳು! ಆ ಅಂಗಡಿ ಶುರುಮಾಡಿದ್ದೇ ಅಜ್ಜಿ. ಯಂತ್ರ ತುಳಿಯುವ ಕೆಲಸವನ್ನು ಮಗಳಿಗೂ ಮೊಮ್ಮಗಳಿಗೂ ಬಿಟ್ಟುಕೊಟ್ಟ ಮೇಲೆ ಅಜ್ಜಿ ಕೈಹೊಲಿಗೆಯನ್ನಷ್ಟೇ ಇಟ್ಟುಕೊಂಡಿದ್ದರು. ಗುಂಡಿ ಹಾಕುವುದು, ಗುಂಡಿ ತೂರಲು ಕಾಜ ಮಾಡುವುದು, ಅಂಚು ಮಡಿಚುವುದು. ಅದನ್ನೂ ಒಳಗೆ ಕೂತು ಮಾಡಿದವರಲ್ಲ. ಬಾಗಿಲ ಹೊರಗೆ ಗೋಡೆಗೆ ಒತ್ತಿ ಒಂದು ಮರದ ಬೆಂಚಿತ್ತು. ಅದರ ಒಂದು ಕಾಲು ಗಿಡ್ಡ, ಕೆಳಗೆ ಚಿಂದಿಬಟ್ಟೆ ಮಡಿಚಿ ಸಿಕ್ಕಿಸಿದ್ದರು. ಬೆಳಗ್ಗೆ ಅದರ ಮೇಲೆ ಕೂತರೆ ಸಂಜೆ ಬೆಳಕು ಹೋಗುವ ತನಕ ಅಜ್ಜಿಯ ದರ್ಬಾರು ಅಲ್ಲೇ.

ಬೀದಿಯಲ್ಲಿ ಹೊಸ ಮುಖ ಕಂಡಿತೋ, ಅಜ್ಜಿ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರ ಎತ್ತಿ ಹಿಡಿಯುತ್ತಿದ್ದರು. “ಸ್ವಲ್ಪ ಇದನ್ನ ಪೋಣಿಸಿಕೊಡ್ತೀರಾ? ನನ್ನ ಕಣ್ಣಿಗೆ ಕಾಣಲ್ಲ.” ಇದಕ್ಕೆ ಆಗಲ್ಲ ಅನ್ನುವ ಕಲ್ಲು ಹೃದಯ ಯಾರದ್ದು? ನಿಂತುಕೊಂಡೇ ಪೋಣಿಸಲು ನೋಡುತ್ತಿದ್ದರು, ಆಗುತ್ತಿರಲಿಲ್ಲ, ಕೂರುತ್ತಿದ್ದರು. ಕೂತ ಮೇಲೆ ಮನೆ ಎಲ್ಲಿ, ಕೆಲಸ ಏನು, ಮಕ್ಕಳೆಷ್ಟು ಎಂದು ಮಾತು ಬಿಚ್ಚಿಕೊಳ್ಳುತ್ತಿತ್ತು. ಏಳುವ ಹೊತ್ತಿಗೆ ಅವರು ಹೊಸಬರಾಗಿ ಉಳಿದಿರುತ್ತಿರಲಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯವನು ಈಗಲೂ ಹೇಳುತ್ತಾನೆ, ಈ ಬೀದಿಗೆ ಬಂದು ತಾನು ಮಾಡಿದ ಮೊದಲ ಕೆಲಸ ಇಸ್ತ್ರಿಯಲ್ಲ, ಸೂಜಿ ಅಜ್ಜಿಗೆ ದಾರ ಪೋಣಿಸಿಕೊಟ್ಟಿದ್ದು ಎಂದು.

ಗುಂಡುಸೂಜಿಯೂ ಚಿಕ್ಕವಳಿದ್ದಾಗ ಆ ಸೂಜಿಗೆ ಸಿಕ್ಕವಳೇ. ಯಾರಾದರೂ ಬಂದರೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದ ಹುಡುಗಿ. ಅಜ್ಜಿ ಹೊರಗಿನಿಂದಲೇ ಕೂಗುತ್ತಿದ್ದರು, ಪುಟ್ಟಿ, ದಾರ ಬಿಟ್ಟುಹೋಯ್ತು ಬಾರೇ ಎಂದು. ಹೋಗಲೇಬೇಕು, ಅಜ್ಜಿಗೆ ಕಣ್ಣು ಕಾಣುವುದಿಲ್ಲವಲ್ಲ. ಎಲ್ಲರ ಎದುರು ಒಂದೇ ಸಲಕ್ಕೆ ಪೋಣಿಸಿಕೊಟ್ಟಾಗ ಅಜ್ಜಿ, ನಮ್ಮ ಪುಟ್ಟಿ ಇಲ್ಲದಿದ್ದರೆ ನನ್ನ ಕೈ ಕಟ್ಟಿಹಾಕಿದ ಹಾಗೇ ಎನ್ನುತ್ತಿದ್ದರು. ಹುಡುಗಿಗೆ ಎರಡು ಗೇಣು ಎತ್ತರವಾದಷ್ಟು ಹೆಮ್ಮೆ. ಅಜ್ಜಿಯ ಕಣ್ಣು ನಾನೇ ಎಂದು ಅವಳು ಮೊದಲಿನಿಂದಲೂ ನಂಬಿಕೊಂಡು ಬಂದಿದ್ದಳು.

ಅಜ್ಜಿಯ ಸೂಜಿಗೆ ಸಿಗದೆ ಉಳಿದವರು ಇಡೀ ಬೀದಿಯಲ್ಲಿ ಒಬ್ಬರೇ. ಎದುರು ಕಟ್ಟಡದ ಮಹಡಿ ಕೋಣೆಗೆ ಒಂಟಿಯಾಗಿ ಬಂದು ಸೇರಿದ ಮುದುಕರು. ಹೆಸರು ಯಾರಿಗೂ ಗೊತ್ತಿಲ್ಲ, ಮಹಡಿಯವರು ಅಂತಷ್ಟೇ. ಎರಡೂ ಕೈ ಜೇಬಿಗೆ ತುರುಕಿಕೊಂಡು, ಬೀದಿಯ ಆಚೆ ಅಂಚು ಹಿಡಿದು ಸರಸರ ನಡೆದುಬಿಡುತ್ತಿದ್ದರು. ಅಜ್ಜಿ ಸೂಜಿ ಎತ್ತುವಷ್ಟರಲ್ಲಿ ತಿರುವು ದಾಟಿರುತ್ತಿದ್ದರು. ಮಿಕ್ಕ ಹೊತ್ತೆಲ್ಲ ಕಿಟಕಿಯಲ್ಲಿ ಕೂತು ಬೀದಿ ನೋಡುವುದು. ಬಲು ಜಂಬದ ಮನುಷ್ಯ ಎಂದು ಬೀದಿ ತೀರ್ಮಾನ ಮಾಡಿತ್ತು. ಅಜ್ಜಿ ಮಾತ್ರ ಒಪ್ಪಿರಲಿಲ್ಲ.

ಅಜ್ಜಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಮೊಮ್ಮಗಳನ್ನು ಹತ್ತಿರ ಕರೆದರು.

“ಎಲ್ರೂ ಆದ್ರು ಪುಟ್ಟಿ. ಆ ಮಹಡಿಯವರೊಬ್ರು ಬಾಕಿ. ನೀನು ನೋಡ್ಕೋ.”

ಬಾಯಲ್ಲಿ ಆಗ ಸೂಜಿ ಇರಲಿಲ್ಲ. ಗುಂಡುಸೂಜಿ “ಹೂಂ ಅಜ್ಜಿ” ಎಂದುಬಿಟ್ಟಳು. ಅಜ್ಜಿ ಹೋದ ಮೇಲೆ ಆ ಒಂದು ‘ಹೂಂ’ ಅವಳನ್ನು ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ.

ಬೆಂಚು ಖಾಲಿಯಾಯಿತು. ಜನ ಬರುತ್ತಿದ್ದರು, ಬೆಂಚಿನ ಕಡೆ ಒಮ್ಮೆ ನೋಡುತ್ತಿದ್ದರು, ಬಟ್ಟೆ ಕೊಟ್ಟು ಹೋಗುತ್ತಿದ್ದರು. ಕೂರುವವರಿಲ್ಲ. ಅಜ್ಜಿಯ ಜೊತೆ ಅಂಗಡಿಯ ಬಾಯಿಯೂ ಹೋಯಿತು ಎಂದು ಯಾರೋ ಆಡಿಕೊಂಡದ್ದು ಗುಂಡುಸೂಜಿಯ ಕಿವಿಗೆ ಬಿದ್ದು, ಅವಳು ಆ ದಿನ ಊಟ ಬಿಟ್ಟಳು. ಅಮ್ಮನಿಗೆ ಇನ್ನೊಂದು ಸಂಕಟ. ಯಂತ್ರದಿಂದ ತಲೆ ಎತ್ತಿದಾಗಲೆಲ್ಲ ಆ ಖಾಲಿ ಹಲಗೆಯೇ ಕಣ್ಣಿಗೆ ಬೀಳುತ್ತಿತ್ತು. ಬೆಂಚು ತೆಗೆಸಿ ಅಲ್ಲೊಂದು ಗಾಜಿನ ಕಪಾಟು ಮಾಡಿಸುತ್ತೇನೆ ಎಂದು ಹೊರಟರು. ಮಗಳು ತಡಿ ಎಂದಳು.

“ಯಾಕೆ ತಡೀಬೇಕು? ನೀನು ಯಾರನ್ನ ಕರೆದು ಕೂರಿಸ್ತೀಯ?” ಅಮ್ಮ ಕೇಳಿದರು. “ಖಾಲಿ ಬೆಂಚು ನೋಡೋಕೆ ನನ್ನ ಕೈಲಾಗಲ್ಲ ಕಣೇ.”

ಕಡ್ಡಿ ಮುರಿದಂತಹ ಪ್ರಶ್ನೆ. ಕೊನೆಗೆ, ಬಡಗಿಗೆ ಬಿಡುವಾಗಿ ಅವನು ಬರುವ ತನಕ ಬೆಂಚು ಇರಲಿ ಎಂದಾಯಿತು.

ಇನ್ನು ಗುಂಡುಸೂಜಿಯ ಪ್ರಯತ್ನ ಕೇಳಿ. ಅಜ್ಜಿಯ ಹೆಸರಲ್ಲಿ ಜನರಿಗೆ ಏನಾದರೂ ಮಾಡಬೇಕು, ಬಾಯಿ ಮಾತ್ರ ಬಿಚ್ಚಬಾರದು! ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ‘ಗುಂಡಿಗಳನ್ನು ಉಚಿತವಾಗಿ ಹಾಕಿಕೊಡಲಾಗುವುದು’ ಎಂದು ಬರೆದು ಬೆಂಚಿನ ಮೇಲೆ ನಿಲ್ಲಿಸಿದಳು. ಅಕ್ಷರಗಳು ಎಡದಿಂದ ಬಲಕ್ಕೆ ಜಾರುಬಂಡೆ ಆಡುತ್ತಿದ್ದವು. ಇರಲಿ, ಕೆಲಸವೇನೋ ಆಯಿತು. ಆಗದೆ ಏನು? ಬೀದಿಯಲ್ಲಿ ಇಷ್ಟು ಗುಂಡಿಗಳು ಉದುರಿವೆ ಎಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಚೀಲಗಟ್ಟಲೆ ಬಂದವು. ಬೆಂಚಿನ ಮೇಲೆ ಇಟ್ಟು ಹೋದರು, ಸಂಜೆ ಬಂದು ಎತ್ತಿಕೊಂಡು ಹೋದರು. ಬಟ್ಟೆ ಬಂತು, ಜನ ಬರಲಿಲ್ಲ. ಇಸ್ತ್ರಿಯವನು ಕೆಂಡ ಕೆದಕುತ್ತಾ, ಅಜ್ಜಿ ಇದ್ದಾಗ ಬೆಂಚಿನ ಮೇಲೆ ಮನುಷ್ಯರು ಕೂರ್ತಿದ್ರು ತಂಗಿ, ಈಗ ಅಂಗಿಗಳು ಕೂತಿವೆ ಎಂದ. ತಮಾಷೆಗೇ ಅಂದದ್ದು. ಅವಳಿಗೆ ಮಾತ್ರ ನೇರ ನಾಟಿತು. ರಟ್ಟನ್ನು ತೆಗೆದು ಒಳಗೆಸೆದಳು.

ಆ ವಾರವೇ ಒಂದು ದೊಡ್ಡ ಕೆಲಸ ಬಂತು. ಶಾಲೆಯ ವೇದಿಕೆಗೆ ದಪ್ಪ ಬಟ್ಟೆಯ ಪರದೆ. ಅಂಗಡಿಯೊಳಗೆ ಬಿಡಿಸಿ ಹಾಕಲೂ ಜಾಗ ಸಾಲದು. ಅಂಚು ಮಡಿಚಲು ಅದನ್ನು ಹೊರಗೆ ಹಗ್ಗಕ್ಕೆ ಇಳಿಬಿಟ್ಟು, ಸ್ಟೂಲು ಹತ್ತಿ ಇಳಿದು ಸೂಜಿ ಚುಚ್ಚುತ್ತಿದ್ದಳು. ಹತ್ತಿರದಿಂದ ನೋಡಿದರೆ ಎಲ್ಲ ನೆಟ್ಟಗೇ ಕಾಣುತ್ತದೆ. ದೂರ ಹೋಗಿ ನೋಡಿ ಬರುವಷ್ಟರಲ್ಲಿ ಎಲ್ಲಿ ತಪ್ಪಿತ್ತು ಎನ್ನುವುದೇ ಮರೆತುಹೋಗುತ್ತದೆ. ಅಮ್ಮ ಬಟ್ಟೆ ತರಲು ಪೇಟೆಗೆ ಹೋಗಿದ್ದರು. ಅವಳು ಬೆವರು ಒರೆಸಿಕೊಳ್ಳುತ್ತಿರುವಾಗ ಮೇಲಿನಿಂದ ಒಂದು ಧ್ವನಿ ಬಂತು.

“ಬಲಗಡೆ ಎರಡು ಬೆರಳು ಇಳಿದಿದೆ.”

ಕಿಟಕಿಯಲ್ಲಿ ಮಹಡಿಯವರು! ಗುಂಡುಸೂಜಿಯ ಬಾಯಿ ತುಂಬ ಸೂಜಿ. ಉಗುಳಿದರೆ ಬೀದಿಗೆ ಬೀಳುತ್ತವೆ, ನುಂಗುವಂತಿಲ್ಲ. ಒಂದೊಂದಾಗಿ ಕಿತ್ತು ರವಿಕೆಯ ತೋಳಿಗೆ ಚುಚ್ಚಿಕೊಳ್ಳುವಷ್ಟರಲ್ಲಿ ಅವರು ಮುಖ ಒಳಗೆಳೆದುಕೊಂಡಿದ್ದರು. ಹೋಯಿತು, ಇದೂ ಹೋಯಿತು ಅಂದುಕೊಂಡಳು. ಆಗ ಅಜ್ಜಿಗೆ ಹೇಳಿದ ‘ಹೂಂ’ ನೆನಪಾಗಿ, ಕಿಟಕಿಯ ಕಡೆ ತಲೆ ಎತ್ತಿ ಕೂಗಿದಳು.

“ಯಜಮಾನ್ರೇ, ಸ್ವಲ್ಪ ಕೆಳಗೆ ಬಂದು ನೋಡ್ತೀರಾ? ನನಗೊಬ್ಬಳಿಗೇ ಆಗ್ತಿಲ್ಲ.”

ಅವಳ ಧ್ವನಿ ಅವಳಿಗೇ ಹೊಸದು. ಇಸ್ತ್ರಿಯವನು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಈ ಕಡೆ ತಿರುಗಿದ. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮಹಡಿಯವರು ಕೈ ಜೇಬಿನಿಂದ ತೆಗೆಯದೆ ಬೀದಿ ದಾಟಿ ಬಂದು, ಬೆಂಚಿನ ತುದಿಯಲ್ಲಿ ಕೂತರು.

ಇಲ್ಲಿ ನಮ್ಮ ಗುಂಡುಸೂಜಿ ಎಡವಿದಳು. ಸಂತೋಷಕ್ಕೆ ತಲೆ ನಿಲ್ಲಲಿಲ್ಲ ಅಂತ ಕಾಣುತ್ತದೆ. ಅಜ್ಜಿ ಇದ್ದಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಬೇಕೆಂದು ಸೂಜಿ ದಾರ ತಂದು ಅವರ ಮುಂದೆ ಹಿಡಿದಳು, ಇದನ್ನೊಂಚೂರು ಪೋಣಿಸಿಕೊಡಿ ಎಂದಳು. ಮುದುಕರ ಮುಖ ಬಣ್ಣಗೆಟ್ಟಿತು. ಎದ್ದರು. ಏಳುವಾಗ ಆಸರೆಗೆ ಒಂದು ಕೈ ಜೇಬಿನಿಂದ ಹೊರಬಂದು ಬೆಂಚು ಹಿಡಿಯಿತು. ಆ ಕೈ ನಡುಗುತ್ತಿತ್ತು. ಕೈ ನಡುಗಿದ ಹಾಗೆಲ್ಲ, ಚಿಂದಿ ಜಾರಿಹೋಗಿದ್ದ ಗಿಡ್ಡ ಕಾಲಿನ ಬೆಂಚು ನೆಲಕ್ಕೆ ಟಕಟಕ ಎನ್ನುತ್ತಿತ್ತು.

ಗುಂಡುಸೂಜಿ ನಾಲಗೆ ಕಚ್ಚಿಕೊಂಡಳು. ಜಂಬವೂ ಅಲ್ಲ, ಬಿಂಕವೂ ಅಲ್ಲ. ಈ ಮನುಷ್ಯ ತಪ್ಪಿಸಿಕೊಂಡು ಓಡಾಡಿದ್ದು ಅಜ್ಜಿಯಿಂದಲ್ಲ, ಅಜ್ಜಿಯ ಸೂಜಿಯಿಂದ! ಅವರು ಬೀದಿಯ ನಡುವಿಗೆ ಹೋಗಿಬಿಟ್ಟಿದ್ದರು. ಈಗ ಮೆಟ್ಟಿಲು ಹತ್ತಿದರೆ ಇನ್ನು ಇಳಿಯುವುದಿಲ್ಲ. ಅವಳು ಸೂಜಿ ದಾರ ಎರಡನ್ನೂ ಬೆಂಚಿನ ಮೇಲೆ ಬಿಟ್ಟು ಹಿಂದೆಯೇ ಓಡಿದಳು.

“ಯಜಮಾನ್ರೇ, ದಾರ ಬೇಡ. ನನಗೆ ನಿಮ್ಮ ಕಣ್ಣು ಬೇಕು. ಪರದೆ ಓರೆಯಾಗಿ ಹೋದ್ರೆ ಅಂಗಡಿ ಮರ್ಯಾದೆ ಹೋಗತ್ತೆ. ನಮ್ಮಜ್ಜಿ ಅಂಗಡಿ ಅದು.”

ಅವರು ನಿಂತರು, ತಿರುಗಿ ಪರದೆಯನ್ನೇ ನೋಡಿದರು. “ಬಲಗಡೆ ಎತ್ತಮ್ಮ,” ಎಂದರು.

ಮಧ್ಯಾಹ್ನವೆಲ್ಲ ಅದೇ ಕೆಲಸ. ಅವರು ಬೆಂಚಿನಿಂದ ಏಳುವುದು, ಬೀದಿಯ ಆಚೆ ಅಂಚಿಗೆ ಹೋಗಿ ನಿಲ್ಲುವುದು, ಒಂದು ಕೂದಲು ಮೇಲೆ, ಅರ್ಧ ಬೆರಳು ಕೆಳಗೆ ಎನ್ನುವುದು, ಇವಳು ಚುಚ್ಚುವುದು. ಮಾತಿಗೆ ಮಾತು ಸೇರಿ ತಿಳಿದದ್ದೇನೆಂದರೆ, ಅವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಕೈ ನಡುಕ ಶುರುವಾದ ಮೇಲೆ ಕುಂಚ ಕೆಳಗಿಟ್ಟವರು. ಇವಳ ಗುಂಡಿ ಬೋರ್ಡಿನ ಅಕ್ಷರ ನೋಡಿ ಎರಡು ದಿನ ತಮಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂದರು. ಇವಳು ನಕ್ಕಳು, ಅವರೂ ನಕ್ಕರು. ಪರದೆ ಮುಗಿದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತರು. ಅವರ ಕೈಗಳು ಈಗ ಮೊಣಕಾಲ ಮೇಲೆ ಬಿಡುಬೀಸಾಗಿ ನಡುಗುತ್ತಿದ್ದವು.

“ಇಷ್ಟು ವರ್ಷ ಬೋರ್ಡು ಬರೆದ ಕೈ. ಒಂದು ಸೂಜಿಗೆ ದಾರ ಪೋಣಿಸೋಕಾಗಲ್ಲ ಅಂತ ನಿಮ್ಮಜ್ಜಿಗೆ ಹೇಗೆ ಹೇಳ್ಲಿ? ಅದಕ್ಕೇ ಆಚೆ ಕಡೆಯಿಂದ ಹೋಗಿಬಿಡ್ತಿದ್ದೆ,” ಎಂದರು. ಆಮೇಲೆ ಅವಳ ಕಡೆ ತಿರುಗಿದರು. “ಅಲ್ಲಮ್ಮ, ಅವರಿಗೆ ಕಣ್ಣು ಚೆನ್ನಾಗೇ ಕಾಣ್ತಿತ್ತಲ್ಲ?”

“ಇಲ್ಲ ಯಜಮಾನ್ರೇ, ಅಜ್ಜಿಗೆ ಹತ್ತಿರದ್ದು ಏನೂ ಕಾಣ್ತಿರಲಿಲ್ಲ.”

“ನಾನು ದಿನಾ ಮೇಲಿಂದ ನೋಡ್ತಿದ್ದೆ. ಬೆಳಗ್ಗೆ ಬಂದು ಕೂತವರೇ ಒಂದೇ ಏಟಿಗೆ ಪೋಣಿಸೋರು. ಹೊಸಬರು ಯಾರಾದ್ರೂ ತಿರುವಿನಲ್ಲಿ ಕಂಡ್ರೆ ಸರಕ್ಕನೆ ದಾರ ಎಳೆದುಬಿಡೋರು. ಆಮೇಲೆ ಸೂಜಿ ಎತ್ತಿ ಹಿಡಿಯೋರು.”

ಗುಂಡುಸೂಜಿ ಬೆಪ್ಪಾಗಿ ಕೂತಳು. ದಾರ ಎಳೆದುಬಿಡುತ್ತಿದ್ದರು! ಹಾಗಾದರೆ ಇಸ್ತ್ರಿ ಅಣ್ಣ? ಬೀದಿಯ ಇಷ್ಟೊಂದು ಜನ? ಹಾಗಾದರೆ ಬಾಗಿಲ ಹಿಂದೆ ಅವಿತಿದ್ದ ಆ ಹುಡುಗಿ? ಪುಟ್ಟಿ, ದಾರ ಬಿಟ್ಟುಹೋಯ್ತು ಬಾರೇ. ಬಿಟ್ಟುಹೋಗುತ್ತಿರಲಿಲ್ಲ, ಎಳೆಯುತ್ತಿದ್ದರು. ದಿನವೂ ಎಳೆಯುತ್ತಿದ್ದರು, ಅವಳೊಬ್ಬಳನ್ನು ಹೊರಗೆ ತರುವುದಕ್ಕೆ. ಕಣ್ಣು ತುಂಬಿ ಬಂತು, ಅದರ ಮೇಲೆಯೇ ನಗು ಬಂತು. ಎಂಥ ಕಳ್ಳಿ ನಮ್ಮಜ್ಜಿ ಎಂದುಕೊಂಡಳು. ಅಂಥ ಅಜ್ಜಿಯ ಮೊಮ್ಮಗಳು ತಾನು ಎಂದು ಅವಳಿಗೆ ಹೆಮ್ಮೆಯಾಯಿತು, ಹೇಳತೀರದಷ್ಟು ಹೆಮ್ಮೆ. ಅಜ್ಜಿ ಸುಳ್ಳು ಹೇಳಿದ್ದಕ್ಕೆ ಹೆಮ್ಮೆ ಪಟ್ಟವರು ಯಾರಾದರೂ ಇದ್ದಾರೆಯೇ? ಅವಳು ಪಟ್ಟಳು.

ಮರುದಿನ ಬೆಳಗ್ಗೆ ಅವಳು ಕೈಹೊಲಿಗೆ ಹಿಡಿದು ಹೊರಗೇ ಕೂತಳು. ಗುಂಡುಸೂಜಿಗಳೆಲ್ಲ ಪಕ್ಕದಲ್ಲಿ ಸೂಜಿದಿಂಬಿನ ಮೇಲೆ, ಬಾಯಿ ಬರಿದು. ಮಹಡಿಯವರು ಹೇಳಿಸಿಕೊಳ್ಳದೆಯೇ ಇಳಿದು ಬಂದು ತಮ್ಮ ತುದಿಯಲ್ಲಿ ಕೂತರು. ಆಗ ತಿರುವಿನಲ್ಲಿ ಒಬ್ಬ ಹೊಸಬ ಕಂಡ. ಹೆಗಲ ಮೇಲೆ ಚೀಲ, ಚೀಲದಿಂದ ಹೊರಗೆ ಇಣುಕುವ ಗರಗಸ. ಅಮ್ಮ ಹೇಳಿಕಳಿಸಿದ್ದ ಬಡಗಿ. ಬೆಂಚು ಒಯ್ಯಲು ಬಂದವನು.

ಗುಂಡುಸೂಜಿಯ ನಾಲಗೆ ಎಂದಿನಂತೆ ಒಣಗಿತು. ಅವಳು ಪಕ್ಕಕ್ಕೆ ನೋಡಿದಳು. ಮಹಡಿಯವರು ಅವಳ ಕೈಯಲ್ಲಿದ್ದ ಸೂಜಿಯನ್ನೇ ನೋಡುತ್ತಿದ್ದರು. ಅವಳು ಪೋಣಿಸಿದ್ದ ದಾರವನ್ನು ಸರಕ್ಕನೆ ಎಳೆದಳು. ಸೂಜಿ ಎತ್ತಿ ಹಿಡಿದಳು.

“ಅಣ್ಣ, ಸ್ವಲ್ಪ ಇದನ್ನ ಪೋಣಿಸಿಕೊಡ್ತೀರಾ? ಕಾಣ್ತಿಲ್ಲ.”

ಬಡಗಿ ಒಮ್ಮೆ ಇವಳನ್ನು, ಒಮ್ಮೆ ಮುದುಕರನ್ನು ನೋಡಿದ. ಮಹಡಿಯವರು ಎರಡೂ ಕೈ ಎತ್ತಿ ತೋರಿಸಿದರು, ಬೀದಿಗೆಲ್ಲ ಕಾಣುವಂತೆ.

“ನನ್ನ ಕೈಲೂ ಆಗಲ್ಲಪ್ಪ. ನೀನೇ ಕೂತ್ಕೊಂಡು ನಿಧಾನವಾಗಿ ಪೋಣಿಸು.”

ಬಡಗಿ ಚೀಲ ಕೆಳಗಿಟ್ಟು ಇಬ್ಬರ ನಡುವೆ ಕೂತ. ದಾರದ ತುದಿ ನೆಕ್ಕಿದ, ಒಂದು ಕಣ್ಣು ಮುಚ್ಚಿದ. ಎರಡನೆಯ ಸಲ ತಪ್ಪುವ ಹೊತ್ತಿಗೆ, ನಿಮ್ಮ ಮನೆ ಎಲ್ಲಾಯ್ತು ಎಂದು ಗುಂಡುಸೂಜಿ ಕೇಳಿಯಾಗಿತ್ತು. ದಾರ ಸೂಜಿಯ ಕಣ್ಣು ದಾಟುವ ಹೊತ್ತಿಗೆ ಬಡಗಿಯ ಮಗಳಿಗೆ ಹೊಲಿಗೆ ಕಲಿಯುವ ಆಸೆಯಿದೆ ಎನ್ನುವುದೂ ಗೊತ್ತಾಗಿತ್ತು. ಇಸ್ತ್ರಿಯವನು ತಾನೂ ಬಂದು ಗೋಡೆಗೆ ಒರಗಿ ನಿಂತ.

ಮಾತಿನ ಸದ್ದು ಕೇಳಿ ಅಮ್ಮ ಹೊರಗೆ ಬಂದರು. ಬೆಂಚಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಜಾಗವಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದು, ಮಗಳ ಬಾಯಿಂದ ಬರುತ್ತಿದ್ದ ಮಾತುಗಳನ್ನು ಒಂದಿಷ್ಟು ಹೊತ್ತು ಕೇಳುತ್ತಾ ನಿಂತರು. ಬಡಗಿ ಅವರನ್ನು ಕಂಡು ಗಡಬಡಿಸಿ ಎದ್ದ. ತೆಗೆಯಬೇಕಾದ ಬೆಂಚು ಇದೇ ಅಲ್ವಾ ಅಮ್ಮ ಎಂದು ಕೇಳಿದ.

“ತೆಗೆಯೋದಲ್ಲಪ್ಪ,” ಅಮ್ಮ ಹೇಳಿದರು. “ಒಂದು ಕಾಲು ಗಿಡ್ಡ ಇದೆ ನೋಡು. ಅದನ್ನ ಸರಿ ಮಾಡಿಕೊಡು. ಇಲ್ಲಿ ಜನ ಕೂರ್ತಾರೆ.”