ಗಡ್ಡ ಬಿಟ್ಟ ಬಾಣಂತಿ

ಓಡುವುದು ನನ್ನ ಹೊಟ್ಟೆಪಾಡು. ಊರೂರು ತಿರುಗಿ ದೂರದೋಟದ ಸ್ಪರ್ಧೆಗಳಲ್ಲಿ ಓಡುತ್ತೇನೆ; ಗೆದ್ದರೆ ಊಟ, ಸೋತರೆ ಉಪದೇಶ. ಕಳೆದ ವರ್ಷ ದೊಡ್ಡ ಓಟವೊಂದಕ್ಕೆ ವಾರವಿರುವಾಗ ಕುಷ್ಟಗಿ ಹತ್ತಿರದ ನಮ್ಮೂರಿಗೆ ಬಂದೆ. ಬರಬಾರದಿತ್ತು.

ಕೊರೊನಾ ಕಾಲದಲ್ಲಿ ತಂದ, ಬೆರಳಿಗೆ ಕಚ್ಚಿಸುವ ನಾಡಿಯಂತ್ರ ನಮ್ಮ ಮನೆಯಲ್ಲಿ ಇನ್ನೂ ಇದೆ. ಸಂಜೆ ಚಹಾ ಆದಮೇಲೆ ಎಲ್ಲರೂ ಸರದಿಯಂತೆ ಬೆರಳು ಕೊಡಬೇಕು. ಉಳಿದವರ ನಾಡಿ ಎಪ್ಪತ್ತು, ಎಂಬತ್ತು ಎಂದಿತು. ನನ್ನದು ನಲವತ್ತೆರಡು. ಅಪ್ಪ ಸೆಲ್ ಬದಲಿಸಿ ನೋಡಿದ. ಮತ್ತೆ ಅಷ್ಟೇ.

"ಅಯ್ಯ ನನ್ನ ಕೂಸ! ಅರ್ಧಾ ಜೀವಾ ಹೋಗೇತಿ!" ಎಂದು ಅಜ್ಜಿ ಎದೆ ಬಡಿದುಕೊಂಡಳು.

"ಓಡಾವ್ರದು ಹಂಗ ಇರತೈತಿ ಅಜ್ಜಿ," ಎಂದೆ. ಯಾರು ಕೇಳಬೇಕು?

ಸೋತ ಜೀವಕ್ಕೆ ಅಜ್ಜಿ ಬಲ್ಲ ಚಿಕಿತ್ಸೆ ಒಂದೇ, ಬಾಣಂತನ. ಮನೆಯ ಹೆಣ್ಣುಮಕ್ಕಳನ್ನೆಲ್ಲ ಹೆರಿಗೆಯಾದ ಮೇಲೆ ಎಬ್ಬಿಸಿ ನಿಲ್ಲಿಸಿದವಳು ಅವಳು. ಮರುದಿನ ನನ್ನ ಬೂಟುಗಳು ಜೋಳದ ಚೀಲದ ಹಿಂದೆ ಹೋದವು. ಕಿವಿಗೆ ಹತ್ತಿ, ತಲೆಗೆ ಬಿಗಿದ ಅರಿವೆ, ಹೊರಸಿನ ಕೆಳಗೆ ಕೆಂಡ, ಕೈಯಲ್ಲಿ ತೆಂಗಿನಕಾಯಿ ಗಾತ್ರದ ಅಂಟಿನುಂಡೆ. ಗಡ್ಡ ಬಿಟ್ಟ ಬಾಣಂತಿಯನ್ನು ನೋಡಲು ಓಣಿಯೆಲ್ಲ ಬಂತು. ಪಕ್ಕದ ಮನೆಯ ಚಾಚಿ ಬಾಗಿಲಲ್ಲೇ ನಿಂತು, "ಕೂಸು ಎಲ್ಲೈತ್ರಿ?" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಓಟ ತಪ್ಪಿದರೆ ವರ್ಷದ ಬೆವರೆಲ್ಲ ಮಣ್ಣುಪಾಲು.

ಅಜ್ಜಿಯನ್ನು ಕುಷ್ಟಗಿಯ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ನನ್ನ ಎದೆಯ ಸ್ಕ್ಯಾನ್ ಮಾಡಿ ನಕ್ಕರು. "ಭಾಳ ಛಲೋ ಐತಿ ಯವ್ವಾ. ಓಡಿ ಓಡಿ ಗುಂಡಿಗಿ ದೊಡ್ಡದಾಗೇತಿ. ಒಂದ ಬಡಿತಕ್ಕ ಹೆಚ್ಚು ರಕ್ತ ನೂಕತೈತಿ, ಅದಕ್ಕ ಸಾವಕಾಶ ಬಡಿತೈತಿ."

ಅಜ್ಜಿಯ ಕಿವಿಗೆ ಹೋದದ್ದು 'ದೊಡ್ಡದಾಗೇತಿ' ಎಂಬುದಷ್ಟೇ. "ಕೇಳಿದ್ಯಾ? ಬಾತೈತಿ!" ಅಂದಿನಿಂದ ಉಂಡೆಯ ಗಾತ್ರವೂ ಹೆಚ್ಚಿತು.

ಹೊರಡುವ ಹಿಂದಿನ ದಿನ ನಾನು ತಲೆಯ ಅರಿವೆ ಕಿತ್ತೊಗೆದು ಕೂಗಾಡಿದೆ. "ನಾ ಓಡಾಂವ! ಹಿಂಗ ಕುಂತ್ರ ಖರೇನ ಸಾಯ್ತೀನಿ!"

ಅಜ್ಜಿ ಒಳಗೆ ಹೋಗಿ ಬೂಟು ತಂದು ಮುಂದೆ ಒಗೆದಳು. "ನನ್ನ ಹೊತ್ಕೊ. ಓಡು. ನಾ ಕೇಳತೀನಿ."

ಬೆನ್ನಿಗೆ ಕಿವಿ ಒತ್ತಿ ಕುಳಿತ ಅಜ್ಜಿಯನ್ನು ಹೊತ್ತು ದಾಳಿಂಬೆ ತೋಟದ ಸುತ್ತ ಓಡಿದೆ. ಹಿಂದೆ ನಾಯಿಗಳು, ನಾಯಿಗಳ ಹಿಂದೆ ಓಣಿಯವರು. "ಎತ್ತಾಗ ಹೊಂಟ್ರಿ ಅಜ್ಜಿ?" ಎಂದು ಯಾರೋ ಕೂಗಿದರೆ, "ಸುಮ್ನಿರೋ, ಕೇಳಸವಲ್ದು!" ಎಂದು ಗದರಿದಳು.

ಒಂದು ಸುತ್ತು ಮುಗಿಸಿ ನಿಂತೆ. ಅವಳು ಇಳಿಯಲಿಲ್ಲ. ಢಮಢಮ ಎನ್ನುತ್ತಿದ್ದ ನನ್ನ ಎದೆ ಮೆಲ್ಲಗೆ ಹದಕ್ಕೆ ಬರುವ ತನಕ ಉಸಿರು ಹಿಡಿದು ಕೇಳಿದಳು.

"ನಿಮ್ಮಜ್ಜಂದೂ ಹಿಂಗ ಸಾವಕಾಶ ಆಕ್ಕೋಂತ ಬಂತು, ತಮ್ಮಾ. ಎದಿಗೆ ಕಿವಿ ಹಚ್ಚಿ ಕುಂತಿದ್ನಿ. ನಿಂತಬಿಡ್ತು." ಮತ್ತೆ ಬೆನ್ನಿಗೆ ಕಿವಿ ಒತ್ತಿ, "ನಿಂದು ನಡದೈತಿ," ಎಂದಳು.

ಇಳಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಅವಳನ್ನು ಹೊತ್ತೇ ಇನ್ನೊಂದು ಸುತ್ತು ಓಡಿದೆ.