ಆಷಾಢದಲ್ಲಿ ಅಂಡಮಾನ್

ವಸಂತಪುರದಲ್ಲಿ ಸಾಲಾಗಿ ಬಾಡಿಗೆ ಮನೆಗಳನ್ನು ಕಟ್ಟಿಸಿದ ಚಿಕ್ಕಬೈರಪ್ಪನವರು, ಅಂಡಮಾನಿನ ಕಡಲ ತಳಕ್ಕಿಳಿದು ಮೀನು ನೋಡಿ ಬರುವುದಾಗಿ ಪಾರ್ಕಿನಲ್ಲೆಲ್ಲ ಸಾರಿಬಿಟ್ಟಿದ್ದರು. ಒಳಗೊಳಗೇ ನೀರೆಂದರೆ ಅವರಿಗೆ ಜೀವ ಹಾರುತ್ತಿತ್ತು.

“ಆಷಾಢದಲ್ಲೇ ಹೋಗೋಣ,” ಎಂದರು ಗತ್ತಿನಿಂದ. “ಆಗ ಯಾರೂ ಮನೆ ಬದಲಾಯಿಸಲ್ಲ. ಮಿಕ್ಕ ತಿಂಗಳಲ್ಲಿ ನಾನಿಲ್ದೆ ಇಲ್ಲಿ ನಡೆಯುತ್ತಾ?”

ಮಗಳು ದಿವ್ಯ ಡೈವಿಂಗ್ ಕಲಿಸುವವರಿಗೆ ಫೋನು ಮಾಡಿ ವಿಚಾರಿಸಿದಳು. “ಅಪ್ಪಾ, ಆಗ ಅಲ್ಲಿ ಮಳೆಗಾಲ, ನೀರಿಗೇ ಇಳಿಸಲ್ವಂತೆ. ಜನವರೀಲಿ ಬನ್ನಿ ಅಂದ್ರು.”

“ಛೆ! ಜನವರೀಲಿ ನಾನೆಲ್ಲಿ ಬರ್ಲಿ? ನೀವು ಹೋಗ್ಬನ್ನಿ.”

“ಅವರನ್ನ ಬಿಟ್ಬಿಡೇ,” ಎಂದರು ಹೆಂಡತಿ ಲಕ್ಷ್ಮಮ್ಮ. “ಎಣ್ಣೆಸ್ನಾನದಲ್ಲಿ ತಲೆಗೆ ಒಂದು ಚೊಂಬು ಹುಯ್ದ್ರೇ ಉಸಿರುಕಟ್ತು ಅಂತಾರೆ. ನಾನೇ ಇಳೀತೀನಿ.”

ಹೆಂಡತಿಯ ಮಾತನ್ನು ಎಂದೂ ಒಪ್ಪದ ಚಿಕ್ಕಬೈರಪ್ಪನವರು ಅಂದು ತಟ್ಟನೆ ಒಪ್ಪಿದರು. ವಾರದಿಂದ ಗಂಟಲಲ್ಲೇ ನಿಲ್ಲುತ್ತಿದ್ದ ಮುದ್ದೆ ಆ ಮಧ್ಯಾಹ್ನ ಸಲೀಸಾಗಿ ಇಳಿಯಿತು.