ಹೇಳಿದ ವೇಳೆಗಿಂತ ಮೊದಲೇ ಬಂದ ಚುಕ್ಕಿ

ಕೈಗಡಿಯಾರದ ಮೇಲೆ ನನಗಿದ್ದ ನಂಬಿಕೆ ನನ್ನ ಕಣ್ಣುಗಳ ಮೇಲೆ ಇರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು.

ಹೊಸ ಶತಮಾನ ಶುರುವಾದ ಹೊಸತು. ಯರಗಟ್ಟಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಧಾರವಾಡಕ್ಕೆ ಹೋದಾಗ ಸೈಬರ್ ಕೆಫೆಯಲ್ಲಿ ಒಂದು ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದೆ. ಮನುಷ್ಯರು ವಾಸವಾಗಿರುವ ಅಂತರಿಕ್ಷ ನಿಲ್ದಾಣ ನಮ್ಮೂರ ಮೇಲೆ ಯಾವ ದಿನ, ಎಷ್ಟು ಗಂಟೆಗೆ ಹಾಯುತ್ತದೆಂಬ ಪಟ್ಟಿ ಅದು. ನೋಡಲು ಒಳ್ಳೆಯ ದಿನ ಮೂರು ವಾರ ಮುಂದಿತ್ತು: ಸಂಜೆ ಏಳು ಗಂಟೆ ಹತ್ತು ನಿಮಿಷ. ಅಲ್ಲಿಯವರೆಗೆ ಊರಿಗೆಲ್ಲ ಸಾರಿದೆ. ಕಿರಾಣಿ ಅಂಗಡಿಯವರಿಗೆ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಅಜ್ಜಿಗೂ ಹೇಳಿದೆ. ಲಗ್ನಪತ್ರಿಕೆ ಹಂಚುವವರ ಉಮೇದಿ ನನ್ನದು.

ಆ ಸಂಜೆ ಶಾಲೆಯ ಮಾಳಿಗೆ ತುಂಬಿತು. ಹೆಡ್‌ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಒಂಬತ್ತನೇ ಇಯತ್ತೆಯ ನಸೀಮಾ ಅಪ್ಪನನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಅಪ್ಪ ದಸ್ತಗೀರಸಾಬರು ಬೆಳಗಾವಿ ಬಸ್ಸಿನ ಡ್ರೈವರ್. ಪ್ರಶ್ನೆ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡುವ ಹುಡುಗಿ ಇಡೀ ಕ್ಲಾಸಿನಲ್ಲಿ ಈಕೆ ಒಬ್ಬಳೇ.

ಏಳು ಗಂಟೆ ಐದು ನಿಮಿಷಕ್ಕೆ ಆಕೆ ಚೀರಿದಳು: “ಟೀಚರ್, ಬಂತ್ರಿ! ಅಲ್ನೋಡ್ರಿ!”

ಪಡುವಣದಿಂದ ಬೆಳ್ಳನೆಯ ಚುಕ್ಕಿಯೊಂದು ಸದ್ದಿಲ್ಲದೆ ಮೇಲೇರುತ್ತಿತ್ತು. ನಾನು ಗಡಿಯಾರ ನೋಡಿದೆ.

“ಅದು ವಿಮಾನ. ನಮ್ಮದು ಬರಾಕ ಇನ್ನೂ ಐದು ನಿಮಿಷ ಐತಿ. ಗಡಿಯಾರ ನೋಡಾಕ ಬರೂದಿಲ್ಲೇನ ನಿನಗ?”

ಎಲ್ಲರೂ ನಕ್ಕರು. ನಸೀಮಾ ತಲೆ ತಗ್ಗಿಸಿದಳು. ಚುಕ್ಕಿ ನಮ್ಮೆಲ್ಲರ ನೆತ್ತಿಯ ಮೇಲೆ ಹಾಯ್ದುಹೋಯಿತು; ನಾವು ಮಾತ್ರ ಹರಟೆ ಹೊಡೆಯುತ್ತ ಅದರದೇ ದಾರಿ ಕಾಯುತ್ತಿದ್ದೆವು. ಏಳು ಹತ್ತಾಯಿತು, ಏಳೂವರೆಯಾಯಿತು. “ಪಂಕ್ಚರ್ ಆಗಿರಬೇಕ್ರಿ,” ಎಂದರು ಯಾರೋ. ಒಬ್ಬೊಬ್ಬರೇ ಮೆಟ್ಟಿಲಿಳಿದರು.

ವಾರವಿಡೀ ಪೇಟೆಯಲ್ಲಿ, “ಟೀಚರ್, ನಿಮ್ಮ ಗಾಡಿ ಬಂತೇನ್ರಿ?” ಎಂದು ಕೇಳಿಸಿಕೊಂಡೆ. ಅದನ್ನು ತಡೆದುಕೊಳ್ಳಬಹುದಿತ್ತು. ಆದರೆ ನಸೀಮಾ ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಟ್ಟಳು. ಪ್ರಶ್ನೆಯಿಲ್ಲದ ಆ ಕ್ಲಾಸು ನನಗೆ ಉಪ್ಪಿಲ್ಲದ ಊಟವಾಯಿತು.

ರವಿವಾರ ಧಾರವಾಡದ ಬಸ್ಸು ಹತ್ತಿದೆ. ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಸರ್ ಹಾಳೆ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮೂರು ವಾರದ ಹಳೀ ಹಾಳಿ ಹಿಡಕೊಂಡು ಮಂದಿ ಕರದಿಯೇನವಾ? ಈಗ ಸೂರ್ಯಂದು ಭಾಳ ಜೋರೈತಿ!”

ಆಗ ಸೂರ್ಯನ ಮೈತುಂಬ ಕಲೆ. ದಿನ ಬಿಟ್ಟು ದಿನ ಬಿರುಗಾಳಿ. ಅದರ ಕಾವಿಗೆ ನಮ್ಮ ವಾತಾವರಣದ ಮೇಲ್ಪದರ ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಮೇಲೇಳುತ್ತದಂತೆ. ನಿಲ್ದಾಣ ಓಡಾಡುವ ಎತ್ತರದಲ್ಲಿ ಇದ್ದೂ ಇಲ್ಲದಂತಿದ್ದ ಗಾಳಿ ತುಸು ದಟ್ಟವಾಗಿ ಅದನ್ನು ತಡೆಯುತ್ತದೆ. ನಿಲ್ದಾಣ ದಿನದಿನಕ್ಕೆ ಕೆಳಗಿಳಿಯುತ್ತದೆ; ಹಳೆಯ ಪಟ್ಟಿಯ ವೇಳೆ ತಪ್ಪುತ್ತದೆ. ನೋಡಿ, ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿ ಸೂರ್ಯ ಸೀನಿದರೆ ಯರಗಟ್ಟಿಯಲ್ಲಿ ಟೀಚರೊಬ್ಬಳ ಮರ್ಯಾದೆ ಹೋಗುತ್ತದೆ! ನನಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು.

ಹೊಸ ಹಾಳೆ ತೆಗೆಸಿಕೊಂಡು, ಬಸ್ಸಿಳಿದವಳು ನೆಟ್ಟಗೆ ನಸೀಮಾಳ ಮನೆಗೆ ಹೋದೆ.

“ನೀ ನೋಡಿದ್ದ ಖರೆ. ತಪ್ಪು ನಂದು,” ಎಂದು ಎಲ್ಲ ವಿವರಿಸಿದೆ.

ದಸ್ತಗೀರಸಾಬರು ಚಹಾದ ಬಸಿ ಕೆಳಗಿಟ್ಟರು. “ಮೂವತ್ತು ವರ್ಷ ಗಾಡಿ ಹೊಡದೇನಿ. ಬ್ರೇಕ್ ಹಿಡದ್ರ ಗಾಡಿ ತಡಾ ಆಗತೈತ್ರಿ. ನಿಮ್ಮದು ಮೊದಲ ಹೆಂಗ ಬಂತು?”

ನಾನು ಬಾಯಿ ತೆರೆಯುವಷ್ಟರಲ್ಲಿ ನಸೀಮಾ ಪಾಟಿ ತಂದು ಒಂದರೊಳಗೊಂದು ಎರಡು ವರ್ತುಳ ಬರೆದು ಅಪ್ಪನ ಮುಂದೆ ಹಿಡಿದಿದ್ದಳು. “ಅಬ್ಬಾ, ಕೆಳಗ ಇಳದ್ರ ಸುತ್ತು ಸಣ್ಣದಾಗತೈತಿ. ಅದರ ಮ್ಯಾಲ, ಇಳಿಯೂ ಮುಂದ ಜೋರೂ ಬರತೈತಿ. ಹೌದಲ್ರಿ ಟೀಚರ್?”

“ಗುಡ್ಡಾ ಇಳಿಯೂ ಗಾಡಿ ಅನ್ನು! ಇಷ್ಟಕ್ಕ ಟೀಚರು ಧಾರವಾಡಕ್ಕ ಹೋಗಿದ್ರೇನು?” ಎಂದು ಸಾಬರು ನಕ್ಕರು.

ಮರುದಿನ ಇಡೀ ಕ್ಲಾಸಿನ ಮುಂದೆ ಕ್ಷಮೆ ಕೇಳಿದೆ. ಬೈದದ್ದು ಎಲ್ಲರೆದುರು ತಾನೆ?

ಬುಧವಾರ ಸಂಜೆ ಮಾಳಿಗೆಯ ಮೇಲೆ ಹದಿನೈದೇ ಜನ. ಬೇಕೆಂದೇ ಹೊಸ ಹಾಳೆಯ ವೇಳೆಗಿಂತ ಹತ್ತು ನಿಮಿಷ ಮೊದಲು ಕರೆದಿದ್ದೆ. ಗಡಿಯಾರ ಬಿಚ್ಚಿ ನಸೀಮಾಳ ಕೈಗೆ ಕೊಟ್ಟಿದ್ದೆ. ಚುಕ್ಕಿ ಬಂತು! ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು, ಹುಡುಗಿಯರು ಕೇಕೆ ಹಾಕಿದರು. ನಾನು ಕುಣಿದ ರಭಸಕ್ಕೆ ಚಪ್ಪಲಿಯ ಉಂಗುಷ್ಟ ಕಿತ್ತಿತು. ಅಷ್ಟರಲ್ಲಿ, ಮೂಡಣದ ಆಕಾಶದ ನಡುವೆಯೇ, ಚುಕ್ಕಿ ಮಂಕಾಗಿ ಇಲ್ಲವಾಯಿತು.

“ಎಲ್ಲಿ ಹೋತದು? ಮತ್ತ ಸೂರ್ಯ ಏನರ ಮಾಡಿದನೇನು?” ಹೆಡ್‌ಮಾಸ್ತರರು ಗಾಬರಿಯಾದರು.

ನನಗೆ ಉತ್ತರ ಗೊತ್ತಿತ್ತು. ಕಷ್ಟಪಟ್ಟು ಬಾಯಿ ಮುಚ್ಚಿಕೊಂಡು ನಸೀಮಾಳ ಕಡೆ ನೋಡಿದೆ.

“ಭೂಮಿ ನೆರಳಿನ್ಯಾಗ ಹೋತ್ರಿ ಸರ್,” ಎಂದಳು ಆಕೆ, ಮೆಲ್ಲಗೆ. “ಅಷ್ಟು ಎತ್ತರದಾಗ ಇಷ್ಟೊತ್ತನ ಬಿಸಲಿತ್ತು. ಈಗ ಅಲ್ಲೂ ಹೊತ್ತು ಮುಳಗಿತು.”

ಮಗಳ ಪಕ್ಕದಲ್ಲಿದ್ದ ದಸ್ತಗೀರಸಾಬರು ಆ ಖಾಲಿ ಜಾಗದತ್ತ ತಲೆ ಎತ್ತಿದರು.

“ಹಂಗಾರ ಅದರಾಗಿರೂ ಮಂದಿಗೂ ದೀಪಾ ಹಚ್ಚೂ ಹೊತ್ತಾತು,” ಎಂದರು. “ನಡೀರಿ, ನಾವೂ ಮನೀಗೆ ಹೋಗೂಣು.”